ಲಂಗರು ಹಾಕುವ ಜಾಗ

ಗುಂಡ್ಲುಪೇಟೆಯಲ್ಲಿ ರಾತ್ರಿ ಒಂಬತ್ತಾದರೆ ಕೇರಳದ ದಾರಿ ಮುಚ್ಚುತ್ತದೆ. 2009ರಿಂದ ಹೀಗೆ. ಬಂಡೀಪುರದ ಆನೆ, ಹುಲಿ, ಜಿಂಕೆಗಳು ಲಾರಿಯ ಗಾಲಿಗೆ ಸಿಕ್ಕಿ ಸಾಯಬಾರದೆಂದು ಬೆಳಗಿನ ಆರರವರೆಗೆ ಗೇಟು ಹಾಕುತ್ತಾರೆ. ಸುಲ್ತಾನ್ ಬತ್ತೇರಿಯ ಕಡೆ ಹೋಗುವ ಲಾರಿಗಳು ಮದ್ದೂರು ಚೆಕ್‌ಪೋಸ್ಟಿನ ಈಚೆಗೆ, ಊಟಿಯ ಕಡೆಯವು ಮೇಲುಕಾಮನಹಳ್ಳಿಯ ಈಚೆಗೆ ಸಾಲುಗಟ್ಟುತ್ತವೆ. ಟೊಮೆಟೊ, ಬೀನ್ಸು, ಸಿಹಿಗುಂಬಳ, ಓಣಂ ಹತ್ತಿರ ಬಂದರೆ ಚೆಂಡುಹೂವು. ಚಾಲಕರು ಲಾರಿಯ ಮರೆಯಲ್ಲಿ ಸ್ಟವ್ ಹಚ್ಚಿ ಅನ್ನಕ್ಕಿಡುತ್ತಾರೆ, ಒಬ್ಬರ ಸಾರು ಇನ್ನೊಬ್ಬರ ತಟ್ಟೆಗೆ ಹೋಗುತ್ತದೆ. ಎಲ್ಲಿ ನೆಲ ಗಟ್ಟಿ, ಎಲ್ಲಿ ಗಾಳಿ ಕಡಿಮೆ, ಎಲ್ಲಿ ಬೆಳಿಗ್ಗೆ ಐದಕ್ಕೇ ಕಾಫಿ ಸಿಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ರಾತ್ರಿ ತಂಗುವ ಜಾಗಗಳ ಒಂದು ನಕ್ಷೆ ಅವರ ತಲೆಯೊಳಗೇ ಇರುತ್ತದೆ.

ಹೊನ್ನಾವರದಲ್ಲಿ ಶರಾವತಿಯ ಅಳಿವೆಯ ಹೊರಗೆ ಮೀನಿನ ಬೋಟುಗಳು ಕಾದು ನಿಂತದ್ದನ್ನು ಕಂಡಾಗ ನನಗೆ ಮೊದಲು ನೆನಪಾದದ್ದು ಮದ್ದೂರಿನ ಆ ಸಾಲು. ಹೊಳೆಗೂ ಸಮುದ್ರಕ್ಕೂ ನಡುವೆ ನೀರಿನಡಿಯಲ್ಲಿ ಮರಳಿನ ದಿಬ್ಬ. ಇಳಿತದಲ್ಲಿ ಅದರ ಮೇಲೆ ಅಲೆ ಒಡೆದು ಬಿಳಿ ನೊರೆ ಏಳುತ್ತದೆ, ಭರತದಲ್ಲಿ ದಾರಿ ತೆರೆಯುತ್ತದೆ. ಸುಮಾರು ಆರು ಗಂಟೆ ನೀರು ಏರಿ, ಮತ್ತೆ ಆರು ಗಂಟೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಆ ಹೊತ್ತು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ನಮ್ಮ ಗೇಟಿಗೆ ಗಡಿಯಾರ ಸಾಕು. ಇಲ್ಲಿಯ ಬಾಗಿಲಿಗೆ ಚಂದ್ರನ ತಿಥಿ ನೋಡಬೇಕು, ಮರಳು ಕಳೆದ ಮಳೆಗಾಲದಲ್ಲಿ ಯಾವ ಕಡೆ ಸರಿದಿದೆಯೆಂದು ತಿಳಿದಿರಬೇಕು. ತಿಳಿಯದೆ ನುಗ್ಗಿದ ಬೋಟುಗಳು ಇಂಥ ಅಳಿವೆಗಳಲ್ಲಿ ಮಗುಚಿವೆ, ಜೀವಗಳು ಹೋಗಿವೆ. ಹಾಗಾಗಿ ಹೊರಗೆ ನಿಂತು ಕಾಯುವ ತಾಂಡೇಲನನ್ನು, ಅಂದರೆ ಬೋಟು ನಡೆಸುವವನನ್ನು, ಯಾರೂ ಅಂಜುಬುರುಕ ಅನ್ನುವುದಿಲ್ಲ.

ನಾನು ಕೆರೆಯ ಊರಿನವನು. ನಮ್ಮ ಗುಂಡ್ಲು ಹೊಳೆ ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ನಂಜನಗೂಡಿಗೆ ಹೋಗಿ ಕಬಿನಿಗೆ ಸೇರುವಾಗ ಅದಕ್ಕೆ ಕೌಂಡಿನಿ ಎಂಬ ದೊಡ್ಡ ಹೆಸರಿದೆ. ನೀಲಗಿರಿ ಮತ್ತು ವಯನಾಡಿನ ಬೆಟ್ಟಗಳು ಮುಂಗಾರಿನ ಮೋಡವನ್ನು ಆಚೆಗೇ ಹಿಂಡಿಕೊಂಡುಬಿಡುವುದರಿಂದ ನಮ್ಮ ಪಾಲಿಗೆ ಬರುವುದು ಉಳಿದ ತುಂತುರು. ಈಗ ಕಬಿನಿಯ ನೀರನ್ನು ಪೈಪಿನಲ್ಲಿ ಎತ್ತಿ ತಂದು ಕೆರೆಗಳನ್ನು ತುಂಬಿಸುತ್ತಾರೆ. ವಿಜಯಪುರದ ಕೆರೆಗೆ ನೀರು ಬಂದ ದಿನ ಏರಿಯ ಮೇಲೆ ನಿಂತು ನೋಡುವವರ ಗುಂಪು ಜಾತ್ರೆಯಷ್ಟಿರುತ್ತದೆ. ಇಂಥಲ್ಲಿ ಹುಟ್ಟಿದವನಿಗೆ ದೋಣಿಯೆಂದರೆ ಹರಿಗೋಲು. ತಲಕಾಡಿನಲ್ಲೋ ಕಬಿನಿಯ ದಡದಲ್ಲೋ ನೋಡಿ: ಅಂಬಿಗ ಆಚೆ ದಡ ಮುಟ್ಟಿಸಿದ ಮೇಲೆ ಹರಿಗೋಲನ್ನೆತ್ತಿ ಬೆನ್ನಿಗೆ ಹಾಕಿಕೊಂಡು ಮನೆಗೆ ನಡೆಯುತ್ತಾನೆ, ಅಂಗಳದಲ್ಲಿ ಬೋರಲು ಹಾಕುತ್ತಾನೆ. ಅದಕ್ಕೆ ಲಂಗರಿಲ್ಲ, ಬಂದರಿಲ್ಲ. ಸಮುದ್ರದ ದೋಣಿಯ ಕತೆ ಬೇರೆ. ಅದು ನೀರಿನಲ್ಲೇ ಮಲಗಬೇಕು. ಎಲ್ಲಿ ಮಲಗಬೇಕೆಂಬ ಪ್ರಶ್ನೆಯೇ ನನ್ನನ್ನು ಮತ್ತೆ ಮತ್ತೆ ಕರಾವಳಿಗೆ ಎಳೆದುಕೊಂಡು ಹೋಯಿತು.

ನಮಗೆ ಹತ್ತಿರದ ಸಮುದ್ರ ಕೋಯಿಕ್ಕೋಡಿನದು. ವಯನಾಡು ದಾಟಿ ತಾಮರಶ್ಶೇರಿ ಘಾಟಿ ಇಳಿದರೆ ಸಿಕ್ಕಿಬಿಡುತ್ತದೆ. ನಮ್ಮ ತರಕಾರಿ ಹೋಗುವ ದಾರಿಯಲ್ಲೇ ಅಲ್ಲಿಯ ಮೀನು ನಮ್ಮ ಸಂತೆಗೆ ಬರುತ್ತದೆ. ಆ ಊರಿನ ನಡುವೆ ಒಂದು ಕಾಲುವೆ ಇದೆ. ಮಲಬಾರಿನ ಕಲೆಕ್ಟರಾಗಿದ್ದ ಕಾನೋಲಿ 1848ರಲ್ಲಿ ತೋಡಿಸಿದ್ದು, ಕೋರಪ್ಪುಯ ಹೊಳೆಯನ್ನು ಕಲ್ಲಾಯಿ ಹೊಳೆಗೆ ಸೇರಿಸಿದ್ದು. ಹೊಳೆಯಿಂದ ಹೊಳೆಗೆ, ಕಾಯಲಿನಿಂದ ಕಾಯಲಿಗೆ ಹೀಗೆ ಕೊಂಡಿ ಹಾಕುತ್ತ ಹೋದರೆ ಸಮುದ್ರದ ಅಲೆಗೆ ಮೈಯೊಡ್ಡದೆ ಕರಾವಳಿಯುದ್ದಕ್ಕೂ ದೋಣಿ ನಡೆಸಬಹುದು ಎಂಬುದು ಆ ಕಾಲದ ಲೆಕ್ಕ. ಕೊಲ್ಲಂನಿಂದ ಕೋಟ್ಟಪ್ಪುರಂವರೆಗಿನ 168 ಕಿಲೋಮೀಟರನ್ನು 1993ರಲ್ಲಿ ರಾಷ್ಟ್ರೀಯ ಜಲಮಾರ್ಗವೆಂದು ಸಾರಿ, 2016ರಲ್ಲಿ ಕೋಯಿಕ್ಕೋಡಿನವರೆಗೂ ವಿಸ್ತರಿಸಿದ್ದು ಆ ಲೆಕ್ಕದ ಮುಂದುವರಿಕೆ.

ಅದೇ 2016ರ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ 51ನೆಯದು ನಮ್ಮ ಕಬಿನಿ, 52ನೆಯದು ಕಾರವಾರದ ಕಾಳಿ. ಇಂಗ್ಲಿಷ್ ಅಕ್ಷರದ ಅನುಕ್ರಮ ಅವೆರಡನ್ನೂ ಪಕ್ಕಪಕ್ಕ ಕೂರಿಸಿದೆ. ಒಂದು ಕಾವೇರಿಯ ಮಗಳು, ಪೂರ್ವದ ಸಮುದ್ರಕ್ಕೆ ಹೋಗುವವಳು. ಇನ್ನೊಂದು ಪಶ್ಚಿಮಕ್ಕೆ ಧುಮುಕುವವಳು. ಶರಾವತಿ 90ನೆಯದು. ಅಘನಾಶಿನಿ ಪಟ್ಟಿಯಲ್ಲೇ ಇಲ್ಲ, ಅದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಯಾಕೆಂದು ಮುಂದೆ ಹೇಳುತ್ತೇನೆ.

ಕೇರಳದಂತೆ ನಮ್ಮ ಕರಾವಳಿಯಲ್ಲಿ ಸಮುದ್ರಕ್ಕೆ ಸಮಾನಾಂತರವಾಗಿ ಹಾಸಿಕೊಂಡ ಉದ್ದನೆಯ ಹಿನ್ನೀರಿಲ್ಲ. ಉತ್ತರ ಕನ್ನಡದಲ್ಲಿ ಸಹ್ಯಾದ್ರಿ ಕಡಲ ಹತ್ತಿರಕ್ಕೇ ನಡೆದು ಬಂದಿದೆ. ಕಾರವಾರದಲ್ಲಂತೂ ಅದರ ಕಾಲು ನೀರಿನಲ್ಲೇ ಇದೆ. ಹೊಳೆಗಳು ಬೆಟ್ಟದಿಂದ ಇಳಿದು ನೆಟ್ಟಗೆ ಕಡಲಿಗೆ ಹೋಗುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಆಚೆಗೆ ಗಂಗೊಳ್ಳಿಯ ಪಂಚಗಂಗಾವಳಿ, ಇನ್ನೂ ಆಚೆಗೆ ಸೀತಾ, ಸ್ವರ್ಣಾ, ಕೊನೆಗೆ ನೇತ್ರಾವತಿ. ಒಂದೊಂದು ಹೊಳೆಬಾಯಿಯೂ ಒಂದೊಂದು ತಂಗುದಾಣ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹೊರಗಿನ ಕಡಲಿಗೆ ಬರಲೇಬೇಕು. ಹಳೆಯ ಪಡವುಗಳು, ಮಚವೆಗಳು ಹೋಗುತ್ತಿದ್ದದ್ದು ಹೀಗೆಯೇ: ಹಗಲು ಗಾಳಿಗೆ ಹಾಯಿ ಬಿಚ್ಚಿ ಹೊರಗೆ, ಸಂಜೆಗೆ ಅಳಿವೆ ಹಿಡಿದು ಒಳಗೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಕೂಡ ಮೊದಲು ಗಮನಿಸಿದ್ದು ಇದನ್ನೇ. ದೊಡ್ಡ ಹಡಗುಗಳು ಒಳಗೆ ಬರಬಹುದಾದ ಅಗಲವಾದ ಹೊಳೆಬಾಯಿ ಎಂದು ಬರೆದ. ಮಳೆಗಾಲದಲ್ಲಿ ನಾಲ್ಕು ತಿಂಗಳು ಮೀನಿಗಲ್ಲದೆ ಯಾರೂ ಆ ನೀರಿಗೆ ಇಳಿಯುವಂತಿಲ್ಲ ಎಂದೂ ಸೇರಿಸಿದ. ಈಗ ಮೀನಿಗೂ ಬಿಡುವು ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳೆಲ್ಲ ಹೊಳೆಯೊಳಗೆ ಬಂದು, ಹಗ್ಗಕ್ಕೆ ಹಗ್ಗ ಕಟ್ಟಿಕೊಂಡು, ಟಾರ್ಪಾಲು ಹೊದ್ದು ಮಲಗಿರುತ್ತವೆ.

ಶರಾವತಿಯಲ್ಲಿ ನಾವು ಮೇಲಕ್ಕೆ ಹೋದದ್ದು ಭರತದ ಜೊತೆ. ದೋಣಿಯವರು ಎಂಜಿನ್ನನ್ನು ಸಣ್ಣಗೆ ಇಟ್ಟಿದ್ದರು. "ನೀರೇ ತಕಂಡು ಹೋಗ್ತದಲ, ಡೀಸೆಲ್ ಯಾಕೆ ಸುಡೂದು" ಎಂದರು. ಹೆದ್ದಾರಿಯ ಸೇತುವೆ, ಕೊಂಕಣ ರೈಲ್ವೆಯ ಸೇತುವೆ ಹಿಂದಾದವು. ಎರಡು ಕಿಲೋಮೀಟರಿಗೂ ಮಿಕ್ಕಿದ ಈ ರೈಲು ಸೇತುವೆಗಿಂತ ಉದ್ದನೆಯದು ಆ ದಾರಿಯಲ್ಲಿ ಬೇರೊಂದಿಲ್ಲ. ಅದರಡಿಯಲ್ಲಿ ಹಾದುಹೋಗುವಾಗ ಹೊಳೆ ಎಷ್ಟು ಅಗಲ ಎಂಬುದು ಕತ್ತು ತಿರುಗಿಸಿ ನೋಡಿದಾಗ ತಿಳಿಯುತ್ತದೆ. ಆಮೇಲೆ ಮಾವಿನಕುರ್ವೆ. ಹೊಳೆ ತಂದ ಮಣ್ಣು ಹೊಳೆಯ ನಡುವೆಯೇ ಕೂತು ಊರಾಗಿದೆ: ತೆಂಗು, ಗದ್ದೆ, ಹೆಂಚಿನ ಮನೆ, ದಡಕ್ಕೆ ಕಟ್ಟಿದ ಪಾತಿ ದೋಣಿಗಳು. ಕುರ್ವೆಯ ಮರೆಗೆ ಹೋದೊಡನೆ ಪಡುವಣ ಗಾಳಿ ನಿಂತು, ನೀರಿನ ಮೇಲಿನ ಸುಕ್ಕು ಅಳಿಸಿಹೋಯಿತು.

ಲಂಗರು ಹಾಕುವ ಕೆಲಸವನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಅಲ್ಲಿ. ದೋಣಿಯವರು ಬಿದಿರಿನ ಗಳವನ್ನು ನೀರಿಗಿಳಿಸಿ ತಳ ಮುಟ್ಟಿಸಿದರು, ಎತ್ತಿ ತುದಿಯನ್ನು ನೋಡಿದರು, ಬೆರಳಲ್ಲಿ ಉಜ್ಜಿದರು. ಕಪ್ಪು ಕೆಸರು. ಕೆಸರಾದರೆ ಕೊಕ್ಕೆ ಕಚ್ಚಿಕೊಳ್ಳುತ್ತದೆ, ಗಟ್ಟಿ ಮರಳಾದರೂ ಆದೀತು. ಕಲ್ಲಾದರೆ ಒಂದೋ ಹಿಡಿಯುವುದಿಲ್ಲ, ಹಿಡಿದರೆ ಬಿಡುವುದಿಲ್ಲ. ಆಮೇಲೆ ಹಗ್ಗದ ಲೆಕ್ಕ. ಈಗಿನ ಆಳಕ್ಕೆ ಹಗ್ಗ ಬಿಟ್ಟರೆ ಭರತ ತುಂಬಿದಾಗ ಹಗ್ಗ ನೆಟ್ಟಗಾಗಿ ಲಂಗರನ್ನೇ ಮೇಲಕ್ಕೆ ಎತ್ತಿಬಿಡುತ್ತದೆ. ತುಂಬಿದಾಗ ಎಷ್ಟು ಆಳವಿರುತ್ತದೋ ಅದರ ನಾಲ್ಕೈದು ಪಟ್ಟು ಬಿಡಬೇಕು, ಎಳೆತ ನೆಲಕ್ಕೆ ಅಡ್ಡವಾಗಿ ಬೀಳಬೇಕು. ಅಷ್ಟುದ್ದ ಹಗ್ಗ ಬಿಟ್ಟ ಮೇಲೆ ದೋಣಿ ಸುತ್ತುವ ವೃತ್ತವೂ ದೊಡ್ಡದಾಗುತ್ತದೆ. ಭರತ ಮುಗಿದು ಇಳಿತ ಹಿಡಿಯುವಾಗ ದೋಣಿ ತಾನಾಗಿ ಮುಖ ತಿರುಗಿಸುತ್ತದೆ, ಅಳಿವೆಯ ಕಡೆ ಇದ್ದ ಮೂತಿ ಘಟ್ಟದ ಕಡೆಗೆ ಬರುತ್ತದೆ. ಆ ಸುತ್ತಿನೊಳಗೆ ಬೇರೆ ದೋಣಿ ಇರಬಾರದು, ಬಲೆಯ ಗೂಟ ಇರಬಾರದು, ಇಳಿತದಲ್ಲಿ ಮೇಲೇಳುವ ದಿಬ್ಬ ಇರಬಾರದು. ಹೊಳೆಯ ತಿರುವಿನಲ್ಲಿ ಒಳಬದಿಗೆ ಹೂಳು ಕೂರುತ್ತದೆ, ಹೊರಬದಿಯನ್ನು ನೀರು ಕೊರೆಯುತ್ತದೆ. ಹಾಗಾಗಿ ನೋಡಲು ಶಾಂತವಾಗಿರುವ ಒಳಬದಿಯೇ ರಾತ್ರಿ ದೋಣಿಯನ್ನು ಕೆಸರಿನಲ್ಲಿ ಕೂರಿಸುವುದು. ಇಷ್ಟನ್ನೂ ಅವರು ಮಾತಿಲ್ಲದೆ ಮಾಡಿದರು. ಒಂದು ತೆಂಗಿನ ಮರವನ್ನೂ ಅದರ ಹಿಂದಿನ ಗುಡ್ಡದ ತಲೆಯನ್ನೂ ಒಂದೇ ನೇರಕ್ಕೆ ತಂದು ನೋಡಿಕೊಂಡರು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರು. ಎರಡೂ ಅದೇ ನೇರದಲ್ಲಿದ್ದವು, ಅಂದರೆ ಲಂಗರು ಜರುಗಿಲ್ಲ. ಆಮೇಲೆ ಚಹಾಕ್ಕೆ ನೀರಿಟ್ಟರು. ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ಜಿಪಿಎಸ್ ಇತ್ತು. ಆದರೂ ತೆಂಗಿನ ಮರವನ್ನು ನೋಡಿದರು.

ಭರತದ ಬೆನ್ನೇರಿ ಹೋದರೆ ಹಿಂದೆ ಗೇರುಸೊಪ್ಪೆಯವರೆಗೂ ಮುಟ್ಟಬಹುದಿತ್ತು. ಅಲ್ಲಿಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸು ಘಟ್ಟದಿಂದ ಇಳಿದು ದೋಣಿಗೆ ಬೀಳುತ್ತಿದ್ದದ್ದು ಆ ದಡದಲ್ಲಿ. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಆಕೆಗೆ ಹೆಸರಿಟ್ಟದ್ದು ಸುಮ್ಮನೆ ಬಂದ ಗೌರವವಲ್ಲ. ದರ ಹೇಳುವವಳು ಅವಳಾಗಿದ್ದಳು. ಈಗ ಮೇಲೆ 1964ರ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆಯ ಅಣೆಕಟ್ಟು. ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಬಿಡುವುದರಿಂದ ಶರಾವತಿಯ ಹೊಳೆಬಾಯಿಯಲ್ಲಿ ಬೇಸಿಗೆಯಲ್ಲೂ ಉಪ್ಪಿನಂಶ ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ. ಉಪ್ಪು ಬೇಕಾದ ಚಿಪ್ಪುಜೀವಿಗಳು ಅಲ್ಲಿ ಕಡಿಮೆಯಾದವು. ನಮ್ಮ ಮನೆಯಲ್ಲಿ ಉರಿಯುವ ದೀಪಕ್ಕೂ ಹೊನ್ನಾವರದ ಹೆಂಗಸೊಬ್ಬಳ ಬುಟ್ಟಿಯಲ್ಲಿ ಬಳಚು ಇಲ್ಲದಿರುವುದಕ್ಕೂ ಹೀಗೊಂದು ನಂಟಿದೆ. ಅದನ್ನು ತಿಳಿದ ಮೇಲೆ ಆ ಹೊಳೆಯ ಚೆಲುವನ್ನು ಮೊದಲಿನಷ್ಟು ಹಗುರವಾಗಿ ನೋಡಲಾಗಲಿಲ್ಲ.

ಕುಮಟಾ ದಾಟಿ ಅಘನಾಶಿನಿಗೆ ಬಂದರೆ ಅಣೆಕಟ್ಟು ಮಾಡಿದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟೊಂದನ್ನೂ ಕಾಣದೆ ಕಡಲಿಗೆ ಬರುವ ಹೊಳೆ ಇದು. ದಕ್ಷಿಣಕ್ಕೆ ಅಘನಾಶಿನಿ ಎಂದೇ ಹೆಸರಿರುವ ಊರು, ಉತ್ತರಕ್ಕೆ ತದಡಿ ಬಂದರು, ನಡುವೆ ತಾರಿ ದೋಣಿ. ಬೈಕು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಗೋಕರ್ಣಕ್ಕೆ ಹೊರಟ ಮುದುಕಿ ಎಲ್ಲರೂ ಒಂದೇ ಹಲಗೆಯ ಮೇಲೆ. ಒಳಗೆ ಹೋದರೆ ಹೊಳೆ ಹತ್ತು ಕವಲಾಗಿ ಹರಡಿಕೊಳ್ಳುತ್ತದೆ. ಭರತದಲ್ಲಿ ಕೆರೆಯಂತೆ ತುಂಬಿ ನಿಲ್ಲುವ ಅದೇ ನೀರು ಇಳಿತದಲ್ಲಿ ಸರಿದು ಹೋಗಿ, ಎಲ್ಲೆಲ್ಲೂ ಹೊಳೆಯುವ ಕೆಸರಿನ ಬಯಲು. ಆ ಹೊತ್ತಿಗೆ ಜನ ಬುಟ್ಟಿ ಹಿಡಿದು ಇಳಿಯುತ್ತಾರೆ. ಬಳಚು ಹೆಕ್ಕುತ್ತಾರೆ. ಸಾವಿರಾರು ಮನೆಗಳ ಒಲೆ ಇದರಿಂದ ಉರಿಯುತ್ತದೆ. ಸೊಂಟದ ಮಟ್ಟ ನೀರಿನಲ್ಲಿ ನಿಂತು ಕಾಲಿನಿಂದಲೇ ತಡಕಿ ಹೆಕ್ಕುವ ಹೆಂಗಸರು ಕಂಡೊಡನೆ ನಮ್ಮ ದೋಣಿ ಎಂಜಿನ್ ನಿಲ್ಲಿಸಿತು. ಅಲೆ ಎಬ್ಬಿಸಿದರೆ ಅವರಿಗೆ ತೊಂದರೆ ಎಂದು ದೋಣಿಯವರು ಗಳ ಊರಿಕೊಂಡೇ ದಾಟಿಸಿದರು.

ಗಜನಿ ಗದ್ದೆಗಳನ್ನು ನೋಡಿದಾಗ ನನಗೆ ಆದ ಸಂತೋಷ ದೊಡ್ಡದು. ಉಪ್ಪುನೀರನ್ನು ತಡೆಯುವ ಮಣ್ಣಿನ ಏರಿ, ಅದಕ್ಕೊಂದು ತೂಬು. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ತೂಬು ಎತ್ತಿದರೆ ಭರತದ ಜೊತೆ ಸಿಗಡಿ, ಮೀನು ಒಳಗೆ. ಉಳಿದ ಕೂಳೆ, ಹುಲ್ಲು ಅವುಗಳಿಗೆ ಆಹಾರ. ಏರಿ, ತೂಬು, ನೀರು ಬಿಡುವ ಹೊತ್ತನ್ನು ಕಾಯುವ ಮನುಷ್ಯ: ಕೆರೆಯ ಊರಿನವನಿಗೆ ಇಷ್ಟು ಸಾಕು, ತನ್ನವರೇ ಇಲ್ಲೂ ಇದ್ದಾರೆಂದು ತಿಳಿಯಲು. ಸಾಣಿಕಟ್ಟೆಯಲ್ಲಿ ಇದೇ ಹೊಳೆಯ ನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಮೇಲೆ ಉಪ್ಪಿನಪಟ್ಟಣ ಎಂಬ ಊರಿದೆ, ಭರತದ ಕೈ ಅಷ್ಟು ದೂರಕ್ಕೂ ಚಾಚುತ್ತದೆ. ಮಧ್ಯೆ ಮಿರ್ಜಾನಿನ ಕೋಟೆ, ಜಂಬಿಟ್ಟಿಗೆಯ ಗೋಡೆಗಳ ಮೇಲೆ ಪಾಚಿ. ಅದೂ ಮೆಣಸಿನ ರಾಣಿಯ ಹೆಸರಿಗೆ ಸೇರಿದ್ದು.

ಆ ರಾತ್ರಿ ದೋಣಿ ನಿಂತದ್ದು ಕಾಂಡ್ಲಾ ಗಿಡಗಳ ಮರೆಯ ಒಂದು ಕವಲಿನಲ್ಲಿ. ಮರವನ್ನು ಹೊರಗಿನಿಂದ ಹಿಡಿದು ನಿಲ್ಲಿಸಿದ ಊರುಗೋಲುಗಳಂಥ ಬೇರುಗಳ ನಡುವೆ ನೀರು ಗುಳುಗುಳು ಎನ್ನುತ್ತಿತ್ತು. ಕಡಲಿನ ಮೊರೆತ ದೂರದಿಂದ ಬರುತ್ತಿತ್ತು, ಆದರೆ ಅಲೆ ಬರುತ್ತಿರಲಿಲ್ಲ. ಬಿರುಗಾಳಿಯ ಮುನ್ಸೂಚನೆ ಬಂದಾಗ ಸಣ್ಣ ದೋಣಿಗಳನ್ನು ಇಲ್ಲಿಗೇ ತಂದು ಕಟ್ಟುತ್ತೇವೆ ಎಂದರು ದೋಣಿಯವರು. ಆ ಬೇರುಗಳು ಹೂಳನ್ನು ಹಿಡಿಯುತ್ತವೆ, ದಡವನ್ನು ಹಿಡಿಯುತ್ತವೆ, ಮೀನಿನ ಮರಿಗಳಿಗೆ ಅಡಗುವ ಜಾಗ ಕೊಡುತ್ತವೆ. ಯಾವ ಎಂಜಿನಿಯರೂ ಕಟ್ಟದ ಬಂದರು ಅದು. ನಿದ್ದೆ ಬರುವ ಮೊದಲು ದೋಣಿ ಒಮ್ಮೆ ನಿಧಾನವಾಗಿ ಮುಖ ತಿರುಗಿಸಿತು. ಇಳಿತ ಶುರುವಾಯಿತೆಂದು ಮಲಗಿದ್ದಲ್ಲೇ ತಿಳಿಯಿತು.

2000ದ ದಶಕದಲ್ಲಿ ಇದೇ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪವಿತ್ತು. ಸುತ್ತಲಿನ ಜನ ವಿರೋಧಿಸಿದರು, ಯೋಜನೆ ನಿಂತಿತು. ಆಮೇಲೆ ದೊಡ್ಡ ಬಂದರಿನ ಮಾತು ಬಂತು. 2024ರಲ್ಲಿ ಅಘನಾಶಿನಿಯ ಹೊಳೆಬಾಯಿಯ 4,801 ಹೆಕ್ಟೇರು ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಅದು ಜಗತ್ತಿಗೇ ಮುಖ್ಯವಾದ ಜೌಗು ನೆಲವೆಂದು ಒಪ್ಪಿದಂತಾಯಿತು. ದೊಡ್ಡ ಹಡಗಿಗೆ ಆಳ ಬೇಕು. ಆಳಕ್ಕೆ ಹೂಳೆತ್ತಬೇಕು. ಹೂಳೆತ್ತಿದರೆ ಬಳಚಿನ ಬಯಲು ಹೋಗುತ್ತದೆ, ದಿಬ್ಬಗಳು ಜಾಗ ಬದಲಿಸುತ್ತವೆ, ದಡ ಕುಸಿಯುತ್ತದೆ. ಜಲಮಾರ್ಗಗಳ ಪಟ್ಟಿಯಲ್ಲಿ ಈ ಹೊಳೆ ಇಲ್ಲದ್ದು ಒಳ್ಳೆಯದು ಅಂದದ್ದು ಇದಕ್ಕೇ. ಬಂದರೇ ಬೇಡ ಎನ್ನುವವನು ನಾನಲ್ಲ. ಬೆಟ್ಟ, ದ್ವೀಪಗಳ ಮರೆಯಿರುವ ಕಾರವಾರದ ಕೊಲ್ಲಿ ಎಲ್ಲ ಕಾಲಕ್ಕೂ ಹಡಗು ನಿಲ್ಲಬಲ್ಲ ಜಾಗ. ಬೈತಖೋಲಿನಲ್ಲಿ ಬಂದರಿದೆ, ಅಲ್ಲಿಂದ ದಕ್ಷಿಣಕ್ಕೆ ನೌಕಾಪಡೆಯ ಐಎನ್‌ಎಸ್ ಕದಂಬ 2005ರಿಂದ ಇದೆ. ದೊಡ್ಡದಕ್ಕೆ ದೊಡ್ಡ ಮರೆ, ಸಣ್ಣದಕ್ಕೆ ಸಣ್ಣ ಮರೆ ಇದ್ದೇ ಇರುವಾಗ ಒಂದನ್ನು ಕೆಡಿಸಿ ಇನ್ನೊಂದನ್ನು ಮಾಡುವ ಅಗತ್ಯವಿಲ್ಲ.

ಕಾರವಾರದ ವಿಷಯ ಬಂದಾಗ ರವೀಂದ್ರನಾಥ ಠಾಕೂರರನ್ನು ನೆನೆಯದೆ ಮುಂದೆ ಹೋಗಲಾರೆ. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಆಸುಪಾಸಿನ ತಮ್ಮ ಅಲ್ಲಿಗೆ ಬಂದು ತಂಗಿದ್ದ. ಒಂದು ಬೆಳದಿಂಗಳ ರಾತ್ರಿ ಸಣ್ಣ ಹಾಯಿದೋಣಿಯಲ್ಲಿ ಅವರೆಲ್ಲ ಕಾಳಿಯ ಮೇಲಕ್ಕೆ ಹೋದ ಸಂಗತಿ ರವೀಂದ್ರನಾಥರ ನೆನಪುಗಳಲ್ಲಿ ಇದೆ. ಹಳೆಯ ಕೋಟೆಯೊಂದರ ಬುಡದಲ್ಲಿ ದೋಣಿ ನಿಲ್ಲಿಸಿ, ಯಾರೋ ರೈತನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು, ತಂದ ಬುತ್ತಿ ಉಂಡು, ಬರುವಾಗ ದೋಣಿಯನ್ನು ಹೊಳೆಯ ಸೆಳವಿಗೇ ಬಿಟ್ಟರು. ಹೊಳೆಬಾಯಿ ಮುಟ್ಟುವಾಗ ಬಹಳ ತಡವಾಗಿತ್ತು. ಅಲ್ಲೇ ಇಳಿದು ಮರಳಿನ ಮೇಲೆ ಮನೆಗೆ ನಡೆದರು. ಮುಂದೆ ಲೋಕವೆಲ್ಲ ಸುತ್ತಿದ ಆ ಮನುಷ್ಯನಿಗೆ ಹೆಸರು ತಿಳಿಯದ ರೈತನ ಅಂಗಳ ಮೂವತ್ತು ವರ್ಷ ಕಳೆದ ಮೇಲೂ ನೆನಪಿತ್ತು. ದೋಣಿಯ ಪ್ರಯಾಣದಲ್ಲಿ ಮನಸ್ಸಿನಲ್ಲಿ ಉಳಿಯುವುದು ಹೋದ ದೂರಕ್ಕಿಂತ ನಿಂತ ಜಾಗ ಎಂದು ನಾನು ನಂಬಿರುವುದಕ್ಕೆ ಇಷ್ಟು ದೊಡ್ಡ ಸಾಕ್ಷಿ ಸಿಕ್ಕಿದ್ದು ನನ್ನ ಭಾಗ್ಯ.

ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯಿಂದ ಗೋಕರ್ಣಕ್ಕೆ, ಮುರುಡೇಶ್ವರಕ್ಕೆ ಬಸ್ಸು ಮಾಡಿಕೊಂಡು ಹೋಗುವವರು ಪ್ರತಿ ವರ್ಷ ಇದ್ದಾರೆ. ಅವರಿಗೆ ನನ್ನ ಮನವಿ ಇಷ್ಟೇ. ದೇವಸ್ಥಾನ, ಕಡಲತೀರ ಎರಡೂ ಆದ ಮೇಲೆ ಅರ್ಧ ದಿನವನ್ನು ತದಡಿಗೆ ಕೊಡಿ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಮಳೆಗಾಲದಲ್ಲಿ ಬೇಡ. ಹೋದೊಡನೆ ಭರತ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ದಕ್ಕೆಯಲ್ಲಿ ಕೇಳಿ, ಆ ಹೊತ್ತಿಗೆ ಸರಿಯಾಗಿ ಹೊಳೆಯ ಮೇಲಕ್ಕೆ ಹೊರಡಿ. ಲೈಫ್ ಜಾಕೆಟ್ ಹಾಕಿಕೊಳ್ಳದೆ ದೋಣಿ ಹತ್ತಬೇಡಿ, ಈಜು ಬರುತ್ತದೆಂದರೂ ಹಾಕಿಕೊಳ್ಳಿ. ಬಳಚು ಹೆಕ್ಕುವವರ ಹತ್ತಿರ ಎಂಜಿನ್ ನಿಲ್ಲಿಸಲು ಹೇಳಿ. ಕಾಂಡ್ಲಾ ಗಿಡದ ಕೊಂಬೆ ಮುರಿಯಬೇಡಿ, ನೀರಿಗೆ ಪ್ಲಾಸ್ಟಿಕ್ ಹಾಕಬೇಡಿ. ದೋಣಿಯವರು ಹೇಳಿದ ಬಾಡಿಗೆಗೆ ಚೌಕಾಸಿ ಮಾಡಬೇಡಿ. ಆ ದಿನದ ಮೀನು ಬಿಟ್ಟು ಅವರು ನಿಮ್ಮ ಜೊತೆ ಬಂದಿರುತ್ತಾರೆ.